ಶುಕ್ರವಾರದ ಚೀಲ

ಮಾರ್ಚ್ 6, ಶುಕ್ರವಾರ, ಸಂಜೆ

ಪಾಳಿ ಮುಗಿಸಿ ಬಂದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಒಗೆಯುವುದೇನೋ ಮೆಷಿನ್ನು. ಒದ್ದೆ ಹೊದಿಕೆ ಹೊರುವುದು ನಾನು. ಮನೆಗೆ ಬಂದರೆ ಮನೆ ಬಟ್ಟೆ. ಈ ಜನ್ಮದಲ್ಲಿ ಸೋಪಿನ ಋಣ ತೀರುವ ಹಾಗೆ ಕಾಣುವುದಿಲ್ಲ.

ಮಗಳು ಬಂದಳು. ಈ ವಾರ ನನ್ನದು. ಅವಳಪ್ಪ ಗೇಟಿನ ಹತ್ತಿರ ಬಿಟ್ಟು ಹೋದ. ಒಳಗೆ ಬರುವ ರೂಢಿ ಇಲ್ಲ. ಬೆನ್ನಿಗೆ ಶಾಲೆ ಬ್ಯಾಗು, ಕೈಯಲ್ಲಿ ಬಟ್ಟೆ ಚೀಲ, ಚೀಲದೊಳಗೆ ದೊರೆ. ಹಾವಿಗೆ ದೊರೆ ಎಂದು ಹೆಸರಿಟ್ಟವಳು ಇವಳೇ. ಕಿತ್ತಳೆ ಬಣ್ಣ, ವಿಷವಿಲ್ಲದ ಜಾತಿ, ಹೆಬ್ಬೆರಳಷ್ಟು ದಪ್ಪ. ನಾವಿಬ್ಬರೂ ಬೇರೆಯಾದ ವರ್ಷ ಅವಳಪ್ಪ ತಂದುಕೊಟ್ಟಿದ್ದು. ಮಕ್ಕಳನ್ನು ಸಮಾಧಾನ ಮಾಡಲು ಜನ ಸೈಕಲ್ ಕೊಡಿಸುತ್ತಾರೆ. ಇವನು ಹಾವು ಕೊಡಿಸಿದ.

ಎರಡು ಮನೆಯಲ್ಲೂ ಒಂದೊಂದು ಗಾಜಿನ ಪೆಟ್ಟಿಗೆ. ಒಂದು ಶುಕ್ರವಾರ ಈ ಮನೆಗೆ, ಮುಂದಿನ ಶುಕ್ರವಾರ ಆ ಮನೆಗೆ – ಮಗಳೂ ದೊರೆಯೂ.

ದೊರೆ ಪೆಟ್ಟಿಗೆಗೆ ಬಿಟ್ಟ ಕೂಡಲೇ ನೀರಿನ ಬಟ್ಟಲಿಗೆ ಇಳಿದ. ಸುರುಳಿ ಸುತ್ತಿ ಕೂತವನು ಏಳಲಿಲ್ಲ. "ಸೆಖೆ ಇರ್ಬೇಕು, ಆರಾಮಾಗಿ ಸ್ನಾನ ಮಾಡ್ಲಿ ಬಿಡು," ಎಂದೆ. ನನಗೂ ಯಾರಾದರೂ ಅಂಥದ್ದೊಂದು ಬಟ್ಟಲು ಕೊಟ್ಟರೆ...

ಮಾರ್ಚ್ 8, ಭಾನುವಾರ

ಇನ್ನೂ ನೀರಲ್ಲೇ. ಇಲಿ ಕೊಟ್ಟರೆ ಮೂಸಿಯೂ ನೋಡಲಿಲ್ಲ. ಮಗಳು ಬಟ್ಟಲಿನ ತಳ ತೋರಿಸಿದಳು. ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು. ಕೊಳೆ ಇರಬೇಕೆಂದು ಬೆರಳಲ್ಲಿ ತೆಗೆದೆ. ಅದರಲ್ಲೊಂದು ಬೆರಳ ಮೇಲೆ ನಡೆಯತೊಡಗಿತು.

ಆಮೇಲೆ ದೊರೆಯ ಕಣ್ಣಿನ ಅಂಚು ನೋಡಿದೆವು. ಗಲ್ಲದ ಕೆಳಗೆ. ಹುರುಪೆಗಳ ಸಂದಿಯಲ್ಲಿ. ಎಲ್ಲ ಕಡೆ. ನನಗೆ ತಲೆಯಿಂದ ಕಾಲಿನವರೆಗೆ ತುರಿಕೆ ಶುರುವಾಯಿತು. ಮಗಳು ಅಳಲಿಲ್ಲ. ಅವಳು ಅತ್ತಿದ್ದರೆ ಚೆನ್ನಾಗಿತ್ತು.

ಮಾರ್ಚ್ 9, ಸೋಮವಾರ

ಅರ್ಧ ದಿನ ರಜೆ ಹಾಕಿ ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋದೆವು. "ಮೈಟ್ಸ್," ಎಂದರು. "ನುಸಿ. ರಕ್ತ ಹೀರ್ತವೆ. ನೀರಲ್ಲಿ ಕೂತಿರೋದು ಸ್ನಾನಕ್ಕಲ್ಲಮ್ಮ, ಇವನ್ನ ಮುಳುಗಿಸಿ ಸಾಯಿಸೋಕೆ." ನಾನು ಆರಾಮ ಎಂದುಕೊಂಡಿದ್ದು ಅದರ ಒದ್ದಾಟ.

ಪೆಟ್ಟಿಗೆ ಖಾಲಿ ಮಾಡಿ ತೊಳೆಯಬೇಕು. ಔಷಧಿ ಸ್ಪ್ರೇ ಹಾವಿಗಲ್ಲ, ಪೆಟ್ಟಿಗೆಗೆ. ನೀರಿನ ಬಟ್ಟಲು ಹೊರಗಿಟ್ಟೇ ಹೊಡೆಯಬೇಕು. ಪೂರ್ತಿ ಒಣಗಿದ ಮೇಲೆ ಹಾವು ಒಳಗೆ. ಮೊಟ್ಟೆ ಸಾಯುವುದಿಲ್ಲವಂತೆ. ಅವು ಒಡೆದಂತೆ ಮತ್ತೆ ಹೊಡೆಯಬೇಕು. "ಬೇಗ ಹೋಗ್ಲಿ ಅಂತ ಜಾಸ್ತಿ ಹೊಡೀಬೇಡಿ. ನುಸಿಗಿಂತ ಮೊದ್ಲು ಹಾವು ಹೋಗುತ್ತೆ."

ಅವಳಪ್ಪನಿಗೆ ಫೋನ್ ಮಾಡಿದೆ. ಯಾವುದೋ ಕಟ್ಟಡದ ಲಿಫ್ಟ್ ರಿಪೇರಿಯಲ್ಲಿದ್ದ.

"ನಿನ್ ಮನೇಲಿ ಹೊಲಿಗೆಗೆ ಬಂದ ಬಟ್ಟೆ ರಾಶಿ ಇರುತ್ತಲ್ಲ, ಅಲ್ಲಿಂದ ಬಂದಿರ್ಬೇಕು."

"ಬಟ್ಟೆಗೆ ಹಾವಿನ ನುಸಿ ಎಲ್ಲಿಂದ ಬರುತ್ತೆ? ಹಾವು ಮಾರೋ ಅಂಗಡಿಯಿಂದ ದೊರೆ ಹತ್ತೋಕೆ ಹೊಸ ಕೊಂಬೆ ತಂದಿಟ್ಟಿದ್ದು ಯಾರು?"

"ಕೊಂಬೆ ನಾನು ತೊಳ್ದೇ ಇಟ್ಟಿದ್ದು."

"ನೀನು ತೊಳೆಯೋದು ನಾನು ನೋಡಿಲ್ವಾ."

ಹಳೇ ರಾಗ. ಫೋನ್ ಇಟ್ಟ ಮೇಲೆ ನೋಡಿದರೆ ಮಗಳು ಬಾಗಿಲಲ್ಲಿ ನಿಂತಿದ್ದಾಳೆ.

ಮಾರ್ಚ್ 12, ಗುರುವಾರ

ಸೊಂಟ ಬಿದ್ದುಹೋಗಿದೆ. ಹಾಸಿದ್ದ ಮರದ ಚೂರು, ಕೊಂಬೆ – ಎಲ್ಲ ಪ್ಲಾಸ್ಟಿಕ್ಕಿಗೆ ತುಂಬಿ, ಬಾಯಿ ಕಟ್ಟಿ ಹೊರಗೆ ಎಸೆದೆ. ಗಾಜಿನ ಸಂದುಗಳನ್ನು ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿದೆ. ಬಿಸಿನೀರು. ಸ್ಪ್ರೇ. ಅಷ್ಟು ಹೊತ್ತೂ ದೊರೆ ಡಬ್ಬಿಯಲ್ಲಿ, ಉಗುರುಬೆಚ್ಚಗಿನ ನೀರಲ್ಲಿ. ಮಗಳು ಪಕ್ಕದಲ್ಲಿ ಕೂತು ಕಾದಳು. ಕೊನೆಗೆ ನೆಲಕ್ಕೆ ಬಿಳಿ ಟಿಶ್ಯೂ ಕಾಗದ ಹಾಸಿದೆವು. ಬಿಳಿ ಇದ್ದರೆ ಕಪ್ಪು ತಿಳಿಯುತ್ತದೆ.

ಲಾಂಡ್ರಿಯಲ್ಲಿ ಇಸ್ತ್ರಿ ಅಕ್ಕನಿಗೆ ಕಥೆ ಹೇಳಿದೆ. ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದಳು. "ನಿನ್ ಮೇಲೆ ನಂಗೆ ಪ್ರೀತಿ ಇದೆ ಕಣೇ. ದೂರದಿಂದ ಇದೆ," ಎಂದಳು. ಈ ವಾರದಲ್ಲಿ ನಕ್ಕಿದ್ದು ಅದೊಂದೇ ಸಲ.

ಮಾರ್ಚ್ 20, ಶುಕ್ರವಾರ

ಅಪ್ಪನ ಮನೆಯಿಂದ ಬಂದಳು. ದೊರೆಯ ಗಲ್ಲದ ಕೆಳಗೆ ಮತ್ತೆ. ಅವನೂ ಪೆಟ್ಟಿಗೆ ತೊಳೆದನಂತೆ, ಸ್ಪ್ರೇ ಹೊಡೆದನಂತೆ. "ಬೇಕಾದ್ರೆ ಬಂದು ನೋಡು," ಎಂದ ಫೋನಿನಲ್ಲಿ. ಏನು ನೋಡಲಿ.

ಮತ್ತೆ ಬ್ರಷ್ಷು. ಮತ್ತೆ ಬಿಸಿನೀರು.

ಏಪ್ರಿಲ್ 3, ಶುಕ್ರವಾರ

ಮತ್ತೆ.

ಈ ಸಲ ಫೋನ್ ಮಾಡಿ ಅವಳಪ್ಪನನ್ನು ಬೈಯಲೂ ಶಕ್ತಿ ಇರಲಿಲ್ಲ. "ಸೋಮವಾರ ಡಾಕ್ಟರಮ್ಮನ ಹತ್ರ ನೀನೂ ಬಾ," ಎಂದೆ. "ಆಯ್ತು," ಎಂದ. ಅವನಿಗೂ ಸುಸ್ತಾಗಿದೆ, ದನಿಯಲ್ಲೇ ತಿಳಿಯಿತು.

ಏಪ್ರಿಲ್ 6, ಸೋಮವಾರ

ಮೂವರೂ ಒಂದೇ ಬೆಂಚಿನಲ್ಲಿ ಕೂತೆವು. ಮಧ್ಯೆ ಮಗಳು, ಅವಳ ತೊಡೆಯ ಮೇಲೆ ದೊರೆ. ಹೀಗೆ ಒಟ್ಟಿಗೆ ಕೂತು ಎಷ್ಟು ವರ್ಷವಾಯಿತೋ.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. "ಸರಿ, ಎರಡೂ ಮನೇಲಿ ಸರಿಯಾಗೇ ಮಾಡಿದೀರ. ಇವನನ್ನ ಹೇಗೆ ಸಾಗಿಸ್ತೀರಿ?" ಮಗಳು ಬಟ್ಟೆ ಚೀಲ ಎತ್ತಿ ತೋರಿಸಿದಳು. ಅವರು ಅದನ್ನು ಒಳಮಗ್ಗುಲು ಹೊರಗೆ ತಿರುಗಿಸಿ ದೀಪಕ್ಕೆ ಹಿಡಿದರು. ಹೊಲಿಗೆಯ ಉದ್ದಕ್ಕೂ ಕಪ್ಪು.

"ಇದನ್ನ ಒಗೆಯೋದು ಯಾರು?"

ನಾನು ಅವನನ್ನು ನೋಡಿದೆ. ಅವನು ನನ್ನನ್ನು ನೋಡಿದ. "ನೀನಲ್ವಾ?" ಇಬ್ಬರ ಬಾಯಲ್ಲೂ ಒಟ್ಟಿಗೇ ಬಂತು.

ದಿನಕ್ಕೆ ಗಾಡಿಗಟ್ಟಲೆ ಬಟ್ಟೆ ಕುದಿಸಿ ಒಗೆಸುವವಳು ನಾನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನನ್ನ ಮನೆಗೆ ಬಂದಾಗ ಅದು ಅವನ ಮನೆಯ ಚೀಲ, ಅವನ ಮನೆಗೆ ಹೋದಾಗ ನನ್ನ ಮನೆಯ ಚೀಲ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಇಬ್ಬರೂ ಕೈತೊಳೆದುಕೊಂಡಿದ್ದೆವು.

ಚೀಲ ಅಲ್ಲೇ ಕಸದ ಡಬ್ಬಿಗೆ ಹೋಯಿತು. ಡಾಕ್ಟರಮ್ಮ ಹೇಳಿದರು: "ಪೂರ್ತಿ ಹೋಗೋವರೆಗೆ ಓಡಾಟ ಬೇಡ. ಒಂದೇ ಮನೇಲಿರ್ಲಿ. ಕಾಗದದ ಮೇಲೆ ಒಂದು ತಿಂಗಳು ನುಸಿ ಕಾಣ್ಬಾರ್ದು, ಒಂದು ಕಂಡ್ರೂ ಲೆಕ್ಕ ಮತ್ತೆ ಮೊದಲಿಂದ. ನುಸಿ ಅಡಗೋಕೆ ಬಟ್ಟೆ-ಸಾಮಾನು ಯಾರ ಮನೇಲಿ ಕಡಿಮೆ?"

ಮಗಳು ದೊರೆಯನ್ನು ಬಿಟ್ಟು ಇರುವವಳಲ್ಲ. ದೊರೆ ಎಲ್ಲೋ ಅವಳೂ ಅಲ್ಲೇ. ಡಾಕ್ಟರಮ್ಮನಿಗೆ ಅದು ಗೊತ್ತಿಲ್ಲ, ಉಳಿದ ಮೂವರಿಗೂ ಗೊತ್ತು. ನನ್ನ ಮನೆಯಲ್ಲಿ ಸೋಫಾ, ಪರದೆ, ರಿಪೇರಿಗೆ ಬಂದ ಹೊಲಿಗೆ ಬಟ್ಟೆಯ ಗಂಟುಗಳು. ಅವನದು ಬೋಳು ಕೋಣೆ, ಟೈಲ್ಸ್ ನೆಲ, ಕಬ್ಬಿಣದ ಮೇಜು. ಬೇರೆಯಾದಾಗ ಸಾಮಾನೆಲ್ಲ ಜಗಳವಾಡಿ ನಾನೇ ತಂದುಕೊಂಡೆ. ಗೆದ್ದೆ ಅಂದುಕೊಂಡಿದ್ದೆ.

ಸುಳ್ಳು ಹೇಳಬಹುದಿತ್ತು. ಅವನು ನನ್ನನ್ನೇ ನೋಡುತ್ತಿದ್ದ.

"ಅವರ ಮನೇಲಿ," ಎಂದೆ.

ಏಪ್ರಿಲ್ 17, ಶುಕ್ರವಾರ

ನನ್ನ ವಾರ. ಮಗಳು ಬರಲಿಲ್ಲ. ಗೊತ್ತಿದ್ದರೂ ಗೇಟಿನ ಸದ್ದಿಗೆ ಎದ್ದು ಹೋದೆ. ಪಕ್ಕದ ಮನೆಯವರ ಗ್ಯಾಸ್ ಸಿಲಿಂಡರ್.

ಏಪ್ರಿಲ್ 26, ಭಾನುವಾರ

ಭಾನುವಾರಕ್ಕೊಮ್ಮೆ ನಾನೇ ಹೋಗಿ ನೋಡುತ್ತೇನೆ. ಎರಡು ಬಸ್ಸು ಬದಲಾಯಿಸಬೇಕು. ದೊರೆ ನೀರಿನಿಂದ ಹೊರಗಿದ್ದಾನೆ. ಇಲಿ ತಿಂದನಂತೆ. ಕಾಗದ ಬೆಳ್ಳಗಿತ್ತು. ಇನ್ನು ಸ್ವಲ್ಪ ದಿನ ಹೀಗೇ ಇದ್ದರೆ ಮುಗಿಯಿತು. ಬರುವಾಗ ಬಸ್ಸಿನಲ್ಲಿ ಅವಳ ಮಂಚಕ್ಕೆ ಹೊಸ ಹೊದಿಕೆ ಹೊಲಿಯುವ ಯೋಚನೆ ಮಾಡಿದೆ.

ಮೇ 3, ಭಾನುವಾರ

ಒಂದು ಕಂಡಿತಂತೆ. ಮಗಳೇ ತೋರಿಸಿದಳು, ಕಾಗದದ ಮೂಲೆಯಲ್ಲಿ. ಮತ್ತೆ ಮೊದಲಿನಿಂದ. "ಸ್ಪ್ರೇ ನಾನೇ ಹೊಡೀತೀನಿ ಅಮ್ಮ, ನಿಂಗೆ ಸುಸ್ತಾಗಿದೆ," ಎಂದಳು. ಎಷ್ಟು ಜವಾಬ್ದಾರಿ ಬಂದಿದೆ ಇವಳಿಗೆ ಎಂದು ಖುಷಿಪಟ್ಟೆ.

ಮೇ 17, ಭಾನುವಾರ

ಮತ್ತೊಂದು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಇನ್ನೂ ಹೋಗದಿದ್ದರೆ ಬೇರೆ ಔಷಧಿ, ಇಂಜೆಕ್ಷನ್ನು. ಹಾವು ತಡೆಯುತ್ತದೋ ಇಲ್ಲವೋ ನೋಡಬೇಕು ಎಂದರು.

ಹೊದಿಕೆ ಅರ್ಧ ಹೊಲಿದಿಟ್ಟಿದ್ದೇನೆ. ಮುಟ್ಟಲು ಮನಸ್ಸಿಲ್ಲ.

ಮೇ 24, ಭಾನುವಾರ, ಮಧ್ಯಾಹ್ನ

ಅವನು ಡ್ಯೂಟಿಗೆ ಹೋಗಿದ್ದ. ಮಗಳು ಒಬ್ಬಳೇ. ದೊರೆ ಪೊರೆ ಬಿಟ್ಟಿದ್ದ, ತಲೆಯಿಂದ ಬಾಲದವರೆಗೆ ಒಂದೇ ತುಂಡಾಗಿ. ಮೈ ಹೊಳೆಯುತ್ತಿತ್ತು. ಕಣ್ಣಿನ ಅಂಚು ಸ್ವಚ್ಛ. ಇಷ್ಟು ಚೆನ್ನಾಗಿರುವ ಹಾವಿಗೆ ಎಲ್ಲಿಯ ನುಸಿ?

ಕಾಗದದ ಮೂಲೆಯಲ್ಲಿ ಎರಡು ಕಪ್ಪು ಚುಕ್ಕೆ. ಒದ್ದೆ ಬೆರಳಲ್ಲಿ ಒತ್ತಿದೆ. ನುಸಿಯಾದರೆ ಕೆಂಪಾಗುತ್ತದೆ. ಆಗಲಿಲ್ಲ. ಮೂಸಿದೆ. ಸೀನು ಬಂತು. ಕಾಳುಮೆಣಸಿನ ಪುಡಿ.

ಸ್ಪ್ರೇ ಬಾಟಲಿ ಎತ್ತಿ ನೋಡಿದೆ. ಮೂರು ವಾರದ ಹಿಂದೆ ನೋಡಿದ್ದಷ್ಟೇ ಇದೆ, ಒಂದು ಹನಿಯೂ ಇಳಿದಿಲ್ಲ. ದೊರೆಗೆ ತೊಂದರೆ ಆಗದ ಹಾಗೆ ನೋಡಿಕೊಂಡಿದ್ದಾಳೆ.

ಮಗಳು ನನ್ನ ಬೆರಳನ್ನೇ ನೋಡುತ್ತಿದ್ದಳು.

"ಅಪ್ಪನ ಜೊತೆ ಇರ್ಬೇಕು ಅನ್ಸಿದ್ರೆ ಬಾಯಿಬಿಟ್ಟು ಹೇಳ್ಬಹುದಿತ್ತಲ್ಲ," ಎಂದೆ. ದನಿ ಗಟ್ಟಿಯಾಗಿಯೇ ಬಂತು. ಕೋಪ ಬಂದಿತ್ತು. ಕೋಪಕ್ಕಿಂತ ಹೊಟ್ಟೆಕಿಚ್ಚು.

"ಅಪ್ಪನ ಜೊತೆ ಅಂತಲ್ಲ."

"ಮತ್ತೆ?"

"ದೊರೆನ ನಿನ್ ಮನೇಲಿ ಇಟ್ಟಿದ್ರೆ ಅಲ್ಲೂ ಹಾಕ್ತಿದ್ದೆ."

"ಯಾಕೆ?"

"ಶುಕ್ರವಾರ ಬರ್ಬಾರ್ದು ಅಂತ."

ಆಮೇಲೆ ಅತ್ತಳು. ಪುಸ್ತಕ ಒಂದು ಕಡೆ, ಚಪ್ಪಲಿ ಒಂದು ಕಡೆ, ಎಲ್ಲಿದ್ದರೂ ಏನೋ ಒಂದು ಇನ್ನೊಂದು ಮನೆಯಲ್ಲಿ ಉಳಿದಿರುತ್ತದಂತೆ. ಬೆಳಿಗ್ಗೆ ಎದ್ದಾಗ ಕಿಟಕಿ ಯಾವ ಕಡೆ ಎಂದು ಯೋಚಿಸಬೇಕಂತೆ. ನಿನ್ನ ಮನೆ ಎನ್ನುತ್ತಾಳೆ, ಅಪ್ಪನ ಮನೆ ಎನ್ನುತ್ತಾಳೆ. ನಮ್ಮ ಮನೆ ಎಂದು ಅವಳ ಬಾಯಲ್ಲಿ ಒಂದೂ ಬರಲಿಲ್ಲ. ಇಷ್ಟು ದಿನ ನನಗೆ ಅದು ಕೇಳಿಸಿಯೂ ಇರಲಿಲ್ಲ.

ತಬ್ಬಿಕೊಂಡು ಕೂತೆ. ಬೈಯಲಿಲ್ಲ.

ಮೇ 26, ಮಂಗಳವಾರ

ಆಸ್ಪತ್ರೆಯ ಹಿಂದಿನ ಮೆಟ್ಟಿಲಿಗೆ ಅವಳಪ್ಪನನ್ನು ಕರೆಸಿದೆ. ಮೆಣಸಿನ ವಿಷಯ ಹೇಳಿದೆ. ಮೊದಲು ನಕ್ಕ. ಆಮೇಲೆ ನಗು ನಿಂತಿತು. ಕೈಯಲ್ಲಿದ್ದ ಸ್ಪ್ಯಾನರ್ ತಿರುಗಿಸುತ್ತ ಕೂತ.

"ನಿನ್ ಹತ್ರನೇ ಇರ್ಲಿ ಅಂದ್ರೂ ಆಯ್ತು," ಎಂದ. ನೆಲ ನೋಡಿಕೊಂಡು ಹೇಳಿದ. ಬಾಯಿಮಾತಿಗೆ ಹೇಳಿದ್ದಲ್ಲ, ನಾನು ಬಲ್ಲೆ ಅವನನ್ನು.

ಹೂಂ ಎಂದುಬಿಡೋಣ ಅನ್ನಿಸಿತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಶಾಲೆ ಅವನ ಮನೆಯ ಎದುರು ರಸ್ತೆಯಲ್ಲೇ. ಅವಳ ಗೆಳತಿ ಮೇಲಿನ ಮಹಡಿ. ದೊರೆ ಅಲ್ಲಿ ಚೇತರಿಸಿಕೊಂಡಿದ್ದಾನೆ. ಈಗ ನನ್ನ ಮನೆಗೆ ಕರೆತಂದರೆ ಅದೂ ಇನ್ನೊಂದು ಶುಕ್ರವಾರವೇ.

"ಬೇಡ. ಅವಳು ಅಲ್ಲೇ ಇರ್ಲಿ. ಓಡಾಡೋದು ನಾವು ಓಡಾಡೋಣ."

"ನಾವು ಅಂದ್ರೆ?"

"ಅಂದ್ರೆ ನಾನು."

ವಾರದ ಕೊನೆಗೆ ಹೇಗೂ ಅವನಿಗೆ ಹೊರಗಿನ ಡ್ಯೂಟಿ. ಯಾವಾಗ ಬೇಕಾದರೂ ಬಾ, ಕೀಲಿ ಕೊಡುತ್ತೇನೆ ಎಂದ. ನನಗೆ ಸಾಕಾಗಿ ಹೋಗಿತ್ತು. ಮೆಷಿನ್ ನಿಂತ ಗಂಟೆ ಕೇಳಿಸಿತು, ಎದ್ದು ಒಳಗೆ ಹೋದೆ. ಹೊದಿಕೆಗಳ ಗಾಡಿ ತಳ್ಳುತ್ತ ಅತ್ತೆ. ಅಲ್ಲಿನ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಮೇ 29, ಶುಕ್ರವಾರ, ಸಂಜೆ

ನನ್ನ ವಾರವಾಗಿತ್ತು. ಇನ್ನು ಹಾಗೆ ಲೆಕ್ಕ ಇಲ್ಲ.

ಗಾಜಿನ ಪೆಟ್ಟಿಗೆ ಒರೆಸಿ ಹೊರಗಿಟ್ಟೆ. ಬೇಕಾದವರು ಒಯ್ಯಲಿ. ಮೂಲೆ ಖಾಲಿಯಾಯಿತು. ಮನೆ ದೊಡ್ಡದಾಗಿ ಕಾಣುತ್ತಿದೆ, ಅದು ಹಿಡಿಸುತ್ತಿಲ್ಲ. ಭಾನುವಾರ ಹೋದರಾಯಿತು, ಇವತ್ತು ಮಲಗೋಣ ಎಂದುಕೊಂಡೆ. ಕಾಲು ಊದಿದೆ. ಅವಳಿಗೂ ನಾನು ಬರಲೇಬೇಕೆಂದು ಏನಿದೆ, ದೊರೆ ಇದ್ದಾನೆ, ಗೆಳತಿ ಇದ್ದಾಳೆ, ಹೀಗೇ ನಿಧಾನವಾಗಿ ದೂರವಾಗುತ್ತದೆ ಎಂದೆಲ್ಲ ಬರೆಯಲು ಪುಸ್ತಕ ತೆಗೆದವಳು ನಾನು.

ಈಗ ಫೋನ್ ಬಂತು.

"ಅಮ್ಮ, ಅಪ್ಪ ಡ್ಯೂಟಿಗೆ ಹೋದ. ಅನ್ನಕ್ಕಿಡ್ತಿದೀನಿ. ಒಬ್ಬರಿಗಾ, ಇಬ್ಬರಿಗಾ?"

ಮಾಮೂಲು ದನಿ. ಪಕ್ಕದ ಕೋಣೆಯಿಂದ ಕೇಳಿದ ಹಾಗೆ.

"ಇಬ್ಬರಿಗೆ," ಎಂದೆ.

ಎರಡು ಬಸ್ಸು. ಮೊದಲನೆಯದು ಹೊರಡಲು ಇನ್ನು ಹತ್ತೇ ನಿಮಿಷ, ಹೊರಟೆ –