ಗೂಡಿನಲ್ಲಿ ಕೋಳಿ ಎದ್ದಿಲ್ಲ

ತಮ್ಮಾ,

ಬಂದ ಕೂಡಲೇ ಗಾಣದ ಮೋಟಾರ್ ಹಾಕಬೇಡ. ಕ್ಯಾನಿನಲ್ಲಿರೋ ಕಡಲೆಕಾಯಿ ಎಣ್ಣೆ ಯಾರಿಗೂ ಅಳೆದು ಕೊಡಬೇಡ, ಕಾಲು ಹಿಡಿದರೂ ಸರಿ.

ಎಣ್ಣೆ ತೆಗೆದ ಮೇಲೆ ಉಳಿಯೋ ಹೊಸ ಹಿಂಡೀನ ಮೊದಲು ಕೋಳಿಗೆ ಹಾಕಿ, ಬೆಳಿಗ್ಗೆ ಅವು ಓಡಾಡಿದ ಮೇಲೇ ಎಣ್ಣೆ ಮಾರಬೇಕು ಅಂತ ಅಪ್ಪ ಬಾಯಿ ಬಡ್ಕೊಂಡಿದ್ದು ಸುಮ್ನೆ ಅಲ್ಲ. ಬೂಸ್ಟು ಹಿಡಿದ ಬೀಜ ನೋಡಿಯೂ "ಹಿಂಡಿದ ಮೇಲೆ ಯಾರಿಗೆ ಗೊತ್ತಾಗುತ್ತೆ ಅಕ್ಕಾ" ಅಂದೆಯಲ್ಲ. ನಿನ್ನೆ ಸಂಜೆ ಆ ಹಿಂಡೀನೇ ಹಾಕಿದ್ದೆ, ಈಗ ಬಂದು ಗೂಡು ತೆಗೆದರೆ ಒಂದೂ ಎದ್ದಿಲ್ಲ.

ಕೋಳಿಗಳನ್ನ ನಾಯಿ ಮುಟ್ಟದ ಹಾಗೆ ಆಳವಾಗಿ ಹೂತುಬಿಡು. ಪಾತ್ರೇಲಿ ಪಲ್ಯ ಇದೆ, ಹಳೇ ಎಣ್ಣೇದು, ಹೆದರದೆ ತಿನ್ನು.

ನಿನ್ನೆಯೇ ನೀನು ಶಾಲೆಯ ಬಿಸಿಯೂಟಕ್ಕೆ ಕೊಟ್ಟು ಬಂದ ಹೊಸ ಎಣ್ಣೆ ಡಬ್ಬ ತರೋಕೆ ಓಡ್ತಿದ್ದೀನಿ. ಅಲ್ಲಿನ ಅಡುಗೆಯವಳು ಫೋನ್ ಎತ್ತುತ್ತಿಲ್ಲ.

ಊಟದ ಗಂಟೆ ಇಲ್ಲಿಗೇ ಕೇಳಿಸ್ತಿದೆ.

ಅಕ್ಕ