ಹಳೆಯ ಕಾರ್ಡನ್ನು ನಿಲ್ಲಿಸಬೇಡಿ

ಮ್ಯಾನೇಜರ್ ಸಾಹೇಬರಿಗೆ ಟೈಲರ್ ಅಂಗಡಿಯವಳ ನಮಸ್ಕಾರ.

ನಿಮ್ಮ ಬ್ಯಾಂಕು ಎರಡು ಬಸ್ಸು ಹತ್ತುವಷ್ಟು ದೂರ ಹೋದಾಗಿನಿಂದ ನಮ್ಮನೆಯವರು ಒಂದೇ ಸಮನೆ ತಲೆ ತಿನ್ನುತ್ತಿದ್ದಾರೆ: "ಅಂಗಡಿ ಎದುರಿಗೇ ಬೇರೆ ಬ್ಯಾಂಕ್ ಇದೆ, ಅಲ್ಲಿಗೆ ಬದಲಾಯಿಸು. ಇನ್ನೂ ಯಾರಿಗೆ ಕಾಯ್ತೀಯಾ?" ನಿನ್ನೆ ನಾನೂ ಕೈಚೆಲ್ಲಿ, ಖಾತೆ ಮುಚ್ಚಲು ಅರ್ಜಿ ಕೊಟ್ಟುಬಂದೆ. ದಯವಿಟ್ಟು ಅದನ್ನು ಹರಿದು ಹಾಕಿ.

ಅದು ನನ್ನದೂ ಮಗಳದೂ ಜಂಟಿ ಖಾತೆ. ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟಾಗ ಕಾರ್ಡ್ ಅವಳ ಪರ್ಸಿನಲ್ಲೇ ಇತ್ತು. ಫೋನ್ ಎತ್ತುತ್ತಿರಲಿಲ್ಲ, ಆದರೆ ಆಗಾಗ ಸ್ವಲ್ಪ ದುಡ್ಡು ತೆಗೆಯುತ್ತಿದ್ದಳು. ನನ್ನ ಮೊಬೈಲಿಗೆ ನಿಮ್ಮ ಮೆಸೇಜ್ ಬರುತ್ತಿತ್ತು. ಇವತ್ತು ಊಟ ಮಾಡಿರುತ್ತಾಳೆ ಅಂದುಕೊಂಡು ನಾನೂ ತಟ್ಟೆ ಹಾಕಿಕೊಳ್ಳುತ್ತಿದ್ದೆ. ಒಂದು ವರ್ಷದಿಂದ ಮೆಸೇಜ್ ಇಲ್ಲ.

ಹಳೆಯದರ ಅವಧಿ ಮುಗಿಯುತ್ತದೆ ಅಂತ ನೀವು ಮನೆಗೆ ಕಳಿಸಿದ ಹೊಸ ಕಾರ್ಡನ್ನು ಇದರ ಜೊತೆ ಇಟ್ಟಿದ್ದೇನೆ, ತೆಗೆದುಕೊಳ್ಳಿ. ಹಳೆಯದನ್ನು ಮಾತ್ರ ನಿಲ್ಲಿಸಬೇಡಿ. ಅವಳು ಎಲ್ಲಾದರೂ ಮಿಷನ್‌ಗೆ ಹಾಕಿದರೆ ಅದು ನಡೆಯಬೇಕು.

ನಿನ್ನೆ ನಿಮ್ಮ ಕೌಂಟರಿನ ಹುಡುಗಿ ಪಾಸ್‌ಬುಕ್ ತುಂಬಿಸಿಕೊಟ್ಟು, "ವರ್ಷವಿಡೀ ಒಂದು ಪೈಸೆನೂ ಮುಟ್ಟಿಲ್ಲ ಆಂಟಿ, ಎಷ್ಟು ಚೆನ್ನಾಗಿ ಬೆಳೆದಿದೆ ನೋಡಿ," ಅಂದಳು. ಅವಳನ್ನು ಏನೂ ಅನ್ನಬೇಡಿ. ಪಾಪ, ಒಳ್ಳೆಯ ಮಾತು ಅಂತಲೇ ಆಡಿದಳು.

ಇಂತಿ,
ನಿಮ್ಮಲ್ಲೇ ಉಳಿಯುವ ಹಳೆಯ ಗ್ರಾಹಕಿ