ಎಡಗಡೆಯ ಸ್ಪೀಕರ್

ಸೋಮವಾರ, ಮಾರ್ಚ್ 10

ನನ್ನ ಮಾತಿನ ಮಲ್ಲಿಗೆ,

ಏಳು ತಿಂಗಳಾದ ಮೇಲೆ ನಿನ್ನ ಚೀಟಿ ಬಂತು. ಅಕ್ಕ ತಂದು ಕೈಗಿಟ್ಟವಳು ನಾನು ಓದಿ ಮುಗಿಸುವವರೆಗೂ ಎದುರಿಗೇ ನಿಂತಿದ್ದಳು. ಇದ್ದದ್ದು ಮೂರೇ ಸಾಲು. ಗೋಡೆಗೆ ಬಣ್ಣ ಹೊಡೆಯುವವರು ಟಿವಿ ಹಿಂದಿನ ವೈರುಗಳನ್ನೆಲ್ಲ ಕಿತ್ತಿದ್ದಾರೆ, ನೀವು ಬರುವುದು ಬೇಡ, ಹೇಗೆ ಜೋಡಿಸಬೇಕೆಂದು ಬರೆದು ಕಳಿಸಿ, ಇಲ್ಲದಿದ್ದರೆ ಶನಿವಾರ ಹಳೇ ಸಾಮಾನಿನವನಿಗೆ ಕೊಟ್ಟುಬಿಡುತ್ತೇನೆ. ಕೋರ್ಟಿನಲ್ಲಿ ದಿನವಿಡೀ ಕಂಡವರ ಮಾತನ್ನೆಲ್ಲ ಟೈಪ್ ಮಾಡುವವಳು ಗಂಡನಿಗೆ ಮೂರೇ ಸಾಲು ಬರೆದಿದ್ದಾಳೆಂದರೆ ಕೋಪ ಇನ್ನೂ ಇಳಿದಿಲ್ಲ ಎಂದು ಅಕ್ಕ ತೀರ್ಪು ಕೊಟ್ಟಳು.

ನನಗಂತೂ ಖುಷಿಯೇ ಆಯಿತು. ಇನ್ನೂರು ಮನೆಗಳಲ್ಲಿ ಹೋಮ್ ಥಿಯೇಟರ್ ಕೂರಿಸಿದವನು ನಾನು. ಹೇಳಿದ ಹಾಗೆ ಮಾಡು, ಅರ್ಧ ಗಂಟೆಯ ಕೆಲಸ.

ಮೊದಲು ಎಲ್ಲದರ ಪ್ಲಗ್ ಕಿತ್ತಿಡು. ಪ್ರತಿ ಪೆಟ್ಟಿಗೆಯ ಹಿಂದೆಯೂ ಇನ್, ಔಟ್ ಎಂದು ಬರೆದಿರುತ್ತದೆ. ಔಟ್ ಎಂದರೆ ಬಾಯಿ, ಇನ್ ಎಂದರೆ ಕಿವಿ. ಒಂದರ ಬಾಯಿಯನ್ನು ಇನ್ನೊಂದರ ಕಿವಿಗೆ ಸೇರಿಸಬೇಕು. ಬಾಯಿಗೆ ಬಾಯಿ ಕೊಟ್ಟರೆ ಏನಾಗುತ್ತದೆಂದು ನಮ್ಮಿಬ್ಬರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಪ್ಪಟೆ ಮೂತಿಯ ಎಚ್‌ಡಿಎಂಐ ವೈರ್ ಎರಡಿವೆ. ಗಿಡ್ಡದ್ದನ್ನು ಡಿಸ್ಕ್ ಪ್ಲೇಯರಿನ ಔಟ್‌ನಿಂದ ಆಂಪ್ಲಿಫೈಯರಿನ ಇನ್‌ಗೆ ಹಾಕು. ಉದ್ದದ್ದು ಆಂಪ್ಲಿಫೈಯರಿನ ಔಟ್‌ನಿಂದ ಟಿವಿಗೆ. ಟಿವಿಯಲ್ಲಿ ಎಆರ್‌ಸಿ ಎಂದು ಬರೆದ ತೂತಿಗೇ ಹಾಕಬೇಕು, ಆಗಲೇ ಟಿವಿಯ ಸದ್ದೂ ಅದೇ ವೈರಿನಲ್ಲಿ ಆಂಪ್ಲಿಫೈಯರಿಗೆ ವಾಪಸು ಬರುವುದು. ಮೆಲ್ಲಗೆ ಒತ್ತಿ ಕೂರಿಸು, ಹೋಗದಿದ್ದರೆ ತಿರುವಿ ಹಾಕು, ಅದರ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡ.

ಗುಡುಗಿನಂಥ ಸದ್ದು ಮಾಡುವ, ನೀನು ಭೂಕಂಪದ ಡಬ್ಬ ಎಂದು ಕರೆಯುವ ಆ ಕರಿ ಪೆಟ್ಟಿಗೆಗೆ ಒಂದೇ ದಪ್ಪ ವೈರು. ಅದನ್ನು ಸಿಕ್ಕಿಸದಿದ್ದರೂ ನಡೆಯುತ್ತದೆ. ಈ ಮಾತನ್ನು ನಾನೇ ಹೇಳಿದೆ ಎಂದರೆ ಯಾರೂ ನಂಬುವುದಿಲ್ಲ, ಪತ್ರ ಜೋಪಾನವಾಗಿ ಇಟ್ಟುಕೋ.

ಇನ್ನು ಮುಂದಿನ ಎರಡು ದೊಡ್ಡ ಸ್ಪೀಕರು. ಒಂದೊಂದಕ್ಕೂ ಜೋಡಿ ವೈರು, ಜೋಡಿಯಲ್ಲಿ ಒಂದರ ಮೈಮೇಲೆ ಕೆಂಪು ಗೆರೆ ಇದೆ. ಗೆರೆ ಇರುವುದು ಎರಡು ತುದಿಯಲ್ಲೂ ಕೆಂಪು ತೂತಿಗೆ, ಇಲ್ಲದ್ದು ಕಪ್ಪಿಗೆ. ಆಂಪ್ಲಿಫೈಯರಿನ ಕಡೆ ಇದೇ ರೀತಿ ಹಾಕು. ಆಮೇಲೆ ಎಡಗಡೆಯ ಸ್ಪೀಕರನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆಳೆದು ಹಿಂದೆ ನೋಡು. ಆ ತುದಿಯನ್ನು ಬಣ್ಣದವರು ಮುಟ್ಟಿರಲಾರರು. ಅಲ್ಲಿ ಕೆಂಪು ಗೆರೆಯ ವೈರು ಕಪ್ಪು ತೂತಿನಲ್ಲಿದೆ. ಅದನ್ನು ಅದಲುಬದಲು ಮಾಡು.

ಹೌದು, ನಾನೇ ಹಾಕಿದ್ದು. ನಮ್ಮಲ್ಲಿ ಮಧ್ಯಕ್ಕೆಂದು ಬೇರೆ ಸ್ಪೀಕರಿಲ್ಲ. ಈ ಎರಡೂ ಸೇರಿಯೇ ಮಾತನ್ನು ನಡುವೆ ತಂದು ನಿಲ್ಲಿಸಬೇಕು. ಒಂದರ ವೈರು ತಿರುಗಾಮುರುಗಾ ಆದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಸದ್ದೆಲ್ಲ ಇರುತ್ತದೆ, ಮಾತು ಮಾತ್ರ ಟೊಳ್ಳಾಗುತ್ತದೆ. ಎರಡು ವರ್ಷ ನೀನು ಅದನ್ನೇ ಹೇಳಿದೆ. ರೀ, ಮಾತು ಎಲ್ಲೋ ಬಾವಿಯೊಳಗಿಂದ ಬಂದ ಹಾಗಿದೆ, ನೋಡ್ರೀ ಅಂತ. ನಾನು ವಾಲ್ಯೂಮ್ ಏರಿಸಿದೆ. ಇನ್ನೂ ಏರಿಸಿದೆ. ಕೊನೆಗೆ ನಿನ್ನ ಕಿವಿ ತೋರಿಸ್ಕೊಂಡು ಬಾ ಅಂದೆ, ಅದೂ ನಿನ್ನ ತಮ್ಮನ ಎದುರಿಗೆ. ನೀನು ಹೋಗಿ ತೋರಿಸಿಕೊಂಡು ಬಂದೆ. ಎರಡೂ ಕಿವಿ ಸರಿಯಾಗಿವೆ ಎಂದು ಡಾಕ್ಟರು ಬರೆದಿದ್ದ ಕಾಗದವನ್ನು ನೀನು ಆಂಪ್ಲಿಫೈಯರಿನ ಮೇಲಿಟ್ಟೆ. ಬಿಸಿಯಾಗುವ ಯಂತ್ರದ ಮೇಲೆ ಕಾಗದ ಇಡ್ತಾರಾ ಎಂದು ನಾನು ರೇಗಿ, ಮಾತಿಗೆ ಮಾತು ಬೆಳೆದು, ಬ್ಯಾಗ್ ಹಿಡಿದು ಅಕ್ಕನ ಮನೆಗೆ ಬಂದದ್ದು ನಿನಗೆ ಗೊತ್ತೇ ಇದೆ.

ಹೋದ ವಾರ ಹಲ್ಲಿನ ಡಾಕ್ಟರೊಬ್ಬರ ಮನೆಗೆ ರಿಪೇರಿಗೆ ಹೋಗಿದ್ದೆ. ಅವರ ಹೆಂಡತಿಯೂ ಮಾತು ಬಾವಿಯೊಳಗಿಂದ ಬರ್ತಿದೆ ಅಂದರು. ನೋಡಿದರೆ ಎಡಗಡೆಯ ವೈರು ಅದಲುಬದಲು. ಆಗ ನಮ್ಮ ಮನೆ ನೆನಪಾಗಿ ನಾಚಿಕೆಯಾಯಿತು. ನಿನ್ನ ಕಿವಿ ಸರಿಯಾಗಿತ್ತು. ತಪ್ಪು ನನ್ನದು.

ಎಲ್ಲ ಮುಗಿದ ಮೇಲೆ ವಾರ್ತೆ ಹಾಕಿ ಸೋಫಾದ ನಟ್ಟನಡುವೆ, ನನ್ನ ಜಾಗದಲ್ಲಿ ಕೂತುಕೋ. ಓದುವವರ ಮಾತು ಟಿವಿಯ ಮಧ್ಯದಿಂದಲೇ ಬರಬೇಕು. ಬರುತ್ತದೆ, ನನಗೆ ಅನುಮಾನವಿಲ್ಲ. ಕೇಳಿದ ಮೇಲೂ ಸೆಟ್ಟು ಕೊಡಬೇಕೆನಿಸಿದರೆ ಕೊಟ್ಟುಬಿಡು, ನನ್ನ ತಕರಾರಿಲ್ಲ. ಆದರೆ ನನಗೆ ಮನೆಗೆ ಬರಬೇಕೆನಿಸಿದೆ. ಅಕ್ಕ ಹೊಟ್ಟೆ ತುಂಬ ಬಡಿಸುತ್ತಾಳೆ, ಬೈಸಿಕೊಳ್ಳದೆ ಉಂಡದ್ದು ಮೈಗೆ ಹತ್ತುತ್ತಿಲ್ಲ. ಶನಿವಾರದೊಳಗೆ ಒಂದು ಫೋನ್ ಮಾಡು. ಬಾ ಅಂದರೆ ಸಾಕು, ಮೂರು ಸಾಲೂ ಬೇಡ.

ಇಂತಿ,
ಇನ್ನೂರು ಮನೆಯ ವೈರಿನವನು, ಒಂದೇ ಮನೆಯ ಗಂಡ

ಇದನ್ನೂ ಓದು: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಬರೆಯುತ್ತಿದ್ದೇನೆ. ಹಲ್ಲಿನ ಡಾಕ್ಟರ ಮನೆಯ ಕಥೆ ಸುಳ್ಳು. ಆ ದಿನ ನೀನು ಕಾಗದ ಇಟ್ಟು ಸ್ನಾನಕ್ಕೆ ಹೋದಾಗ ನಾನು ಅದನ್ನು ಓದಿದೆ. ಓದಿ, ಟಾರ್ಚ್ ಹಾಕಿ ಎಡಗಡೆಯ ಸ್ಪೀಕರಿನ ಹಿಂದೆ ನೋಡಿದೆ. ಕೆಂಪು ಗೆರೆ ಕಪ್ಪು ತೂತಿನಲ್ಲಿತ್ತು. ಸರಿಮಾಡಲು ಎರಡು ನಿಮಿಷ ಸಾಕಿತ್ತು, ಆದರೆ ಸರಿಮಾಡಿದರೆ ತಪ್ಪು ನನ್ನದೆಂದು ನಿನಗೆ ಕೂಡಲೇ ಗೊತ್ತಾಗುತ್ತಿತ್ತು. ಅದಕ್ಕೇ ಸ್ಪೀಕರನ್ನು ಗೋಡೆಗೆ ಒತ್ತಿಟ್ಟು, ನೀನು ಬಚ್ಚಲಿನ ಬಾಗಿಲು ತೆಗೆದು ಹೊರಗೆ ಬರುತ್ತಿದ್ದಂತೆಯೇ ಕಾಗದದ ನೆಪದಲ್ಲಿ ಜಗಳ ತೆಗೆದೆ.